ಹೊಂಬಾಳೆ ಯಾರ ಮಗಳು?

ಎಐ, ಅಂದರೆ ತಾನೇ ಯೋಚಿಸಿ ಬರೆಯುವ ಕಂಪ್ಯೂಟರ್, ನಮ್ಮ ಶಾಲೆಗೆ ಬಂದು ಹೋದ ಕಥೆ ಇದು. ನಾನು ಹೊನ್ನವಳ್ಳಿ ಕಡೆ ಎಂಟನೇ ತರಗತಿಯ ಟೀಚರ್. ಬರೆಯುವುದು ಇದೇ ಮೊದಲು. ಬಿಡಿಸಿ ಬಿಡಿಸಿ ಹೇಳಿದರೆ ಬೇಸರಿಸಬೇಡಿ.

೧. ನಾಮಕರಣ

ಹೆಡ್‌ಮಾಸ್ಟರು ಒಂದು ಎಐ ಆ್ಯಪ್ ತಂದರು. ಮಕ್ಕಳ ಹೆಸರು, ಅಂಕ, ಕಾಯಿಲೆ, ಅಪ್ಪನ ಫೋನ್ ನಂಬರು ತುಂಬಿದರೆ ಪ್ರಗತಿ ಪತ್ರವನ್ನು ಅದೇ ಬರೆಯುತ್ತದಂತೆ. ಅದೇ ವಾರ ತೆಂಗಿನಕಾಯಿ ಸುಲಿಯುವ ಕೆಲಸದ ತಾಯಿಯೊಬ್ಬಳು ನನ್ನ ಕೈ ಹಿಡಿದು, "ಮಗೀಗೆ ಮೂರ್ಛೆ ಬರೋದು ನಿಮಗೊಬ್ರಿಗೇ ಗೊತ್ತಿರ್ಲಿ ಮೇಡಂ. ಊರಿಗೆ ತಿಳಿದು ಆಡ್ಕೊಂಡ್ರೆ ಸ್ಕೂಲೇ ಬಿಡಿಸ್ಬುಡ್ತೀನಿ" ಎಂದಿದ್ದಳು.

"ಆ್ಯಪಿಗೆ ಹಾಕಿದ್ದು ಎಲ್ಲಿಗೆ ಹೋಗುತ್ತೆ ಸಾರ್?" ಎಂದು ಕೇಳಿದೆ.

"ಒಳಗೇ ಇರುತ್ತೆ ಕಣಮ್ಮ. ಅದಕ್ಕೇನು ಕಾಲಿದೆಯಾ?"

ನನಗೆ ಧೈರ್ಯ ಬರಲಿಲ್ಲ. ಮೂವತ್ತೆರಡು ಮಕ್ಕಳಿಗೂ ಬೇರೆ ಹೆಸರಿಟ್ಟೆ: ಎಳನೀರು, ಗರಿ, ಕರಟ, ಉಂಡೆಕೊಬ್ಬರಿ. ಆ ತಾಯಿಯ ಮಗಳಿಗೆ ಹೊಂಬಾಳೆ, ಅಂದರೆ ತೆಂಗಿನ ಹೂವು. ಮರದಲ್ಲಿ ಹೆಸರು ಮುಗಿದಾಗ ಕೊನೆಯ ಇಬ್ಬರಿಗೆ ಇಲಿ, ಅಳಿಲು ಎಂದಿಟ್ಟೆ. ಅಂಕ, ಕಾಯಿಲೆ ಮಾತ್ರ ನಿಜವಾದದ್ದನ್ನೇ ತುಂಬಿದೆ. ಫೋನ್ ನಂಬರಿಲ್ಲದೆ ಆ್ಯಪ್ ಮುಂದೆ ಹೋಗಲಿಲ್ಲ. ನನಗೆ ಬಾಯಿಪಾಠವಿದ್ದದ್ದು ಹೆಡ್‌ಮಾಸ್ಟರ ನಂಬರು. ಮೂವತ್ತೆರಡು ಸಲವೂ ಅದನ್ನೇ ಒತ್ತಿದೆ.

೨. ಪ್ರಗತಿ

ಆ್ಯಪ್ ಬರೆಯಿತು: "ಎಳನೀರು ಚುರುಕು. ಕರಟ ಗಟ್ಟಿ, ಆದರೆ ಒಳಗೆ ಖಾಲಿ. ಉಂಡೆಕೊಬ್ಬರಿ ಗಣಿತದಲ್ಲಿ ಇನ್ನೂ ಹಸಿ. ಒಂದು ವರ್ಷ ಅಟ್ಟದಲ್ಲಿ ಒಣಗಲು ಬಿಡಿ."

"ಇದೇನಮ್ಮ, ಪ್ರಗತಿ ಪತ್ರಾನಾ, ಕೊಬ್ಬರಿ ಮಂಡಿ ಚೀಟೀನಾ? ನಾಳೆ ನಿಜವಾದ ಹೆಸರು ಹಾಕು!" ಎಂದು ಹೆಡ್‌ಮಾಸ್ಟರು ಸಿಡುಕಿದರು.

ಮರುದಿನ ಶಾಲೆಯಲ್ಲಿ ಕರೆಂಟಿರಲಿಲ್ಲ. ಫ್ಯೂಸ್ ನನ್ನ ಬ್ಯಾಗಿನಲ್ಲಿತ್ತು.

೩. ಫೋನು

ಆ ಸಂಜೆ ಹೆಡ್‌ಮಾಸ್ಟರ ಫೋನನ್ನು ಅವರ ಹೆಂಡತಿ ಎತ್ತಿದರಂತೆ. ಯಾವುದೋ ಟ್ಯೂಷನ್ ಕಂಪನಿಯವನು. "ಹೊಂಬಾಳೆ ತಂದೆ ಇದಾರಾ? ಮಗಳಿಗೆ ಮೂರ್ಛೆ ಅಂತ ತಿಳೀತು. ಮನೇಗೇ ಬಂದು ಕಲಿಸ್ತೀವಿ."

"ಯಾರಪ್ಪ ಹೊಂಬಾಳೆ?"

"ಎಂಟನೇ ಕ್ಲಾಸು ಮೇಡಂ. ನಮ್ಮ ಲಿಸ್ಟಲ್ಲಿ ಈ ನಂಬರಿನವರಿಗೆ ಇನ್ನೂ ಮೂವತ್ತೊಂದು ಮಕ್ಕಳಿದಾರೆ."

ಬೆಳಿಗ್ಗೆ ಹೆಡ್‌ಮಾಸ್ಟರು ಬಾಡಿದ ಮುಖದಲ್ಲಿ ಬಂದು, "ಅದಕ್ಕೆ ಕಾಲಿದೆ ಕಣಮ್ಮ" ಎಂದರು. ನನ್ನೆದುರಿಗೇ ಆ್ಯಪನ್ನು ಕಿತ್ತುಹಾಕಿದರು. ಕಾಯಿಲೆಯ ಸುದ್ದಿ ಊರೂರು ಸುತ್ತಿತ್ತು, ಆದರೆ ಯಾರದೆಂದು ಒಬ್ಬರಿಗೂ ತಿಳಿಯಲಿಲ್ಲ! ಆ ಹುಡುಗಿ ಇವತ್ತಿಗೂ ಮುಂದಿನ ಬೆಂಚಿನಲ್ಲೇ ಕೂರುತ್ತಾಳೆ.

ಹೆಡ್‌ಮಾಸ್ಟರು ದನಿ ತಗ್ಗಿಸಿದರು. "ಒಂದು ಉಪಕಾರ ಮಾಡಮ್ಮ. ಹೊಂಬಾಳೆ ಯಾರ ಮಗಳೂಂತ ನಮ್ಮನೆಯವಳಿಗೆ ಬಂದು ಹೇಳು."

"ಆಗಲ್ಲ ಸಾರ್" ಎಂದೆ. "ಮಕ್ಕಳ ಗುಟ್ಟು."