ಅಲ್ಲಾಡದವನ ಒಂದು ದಿನ

ರಗಳೆ ಶುರುವಾದದ್ದು ಒಂದು ಕುರ್ಚಿಯಿಂದ. ನಮ್ಮ ಕಲಾವಿದ ಬೆಳಿಗ್ಗೆ ಅದನ್ನು ಅಂಗಳದ ನಡುವೆ ಹಾಕಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಹೊತ್ತು ಮುಳುಗುವವರೆಗೂ ಮಾತಾಡದೆ, ಅಲ್ಲಾಡದೆ ಕೂರಲು ಸಜ್ಜಾದ. ಅದೇ ಪ್ರದರ್ಶನ, ಅದೇ ಸಿನಿಮಾ. ಸಂಜೆ ಕಲಾಕೇಂದ್ರದ ಆಯ್ಕೆಗಾರರೊಬ್ಬರು ಬಂದು ಮೆಚ್ಚಿದರೆ ವರ್ಷದ ದೊಡ್ಡ ಪ್ರದರ್ಶನದಲ್ಲಿ ಅವನಿಗೊಂದು ಜಾಗ. ಹಿಂದೆ ಕಳಿಸಿದ ಸಿನಿಮಾಗಳನ್ನೆಲ್ಲ ಅವರು ಇವನ ಮುಖವನ್ನೂ ನೋಡದೆ ವಾಪಸು ಕಳಿಸಿದ್ದರು. ಇದೂ ಕೈಕೊಟ್ಟರೆ ಕ್ಯಾಮೆರಾ ಅಟ್ಟ ಸೇರುವುದೇ ಸೈ.

ಈ ವಿಷಯ ಮನೆಯೊಡತಿಯಾದ ಸೋದರತ್ತೆಗೆ ಹೇಳಬೇಕಿತ್ತೆಂದು ಅವನಿಗೆ ಹೊಳೆದದ್ದು ಕ್ಯಾಮೆರಾ ಓಡತೊಡಗಿದ ಮೇಲೆ.

"ಏನೋ, ತಿಂಡಿ ಬೇಡ್ವಾ?" ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದರು. ಬಗ್ಗಿ ಅವನ ಮುಖ ನೋಡಿದರು. "ಓಹೋ, ನಿನ್ನೆ ಬೈದೆ ಅಂತ ಮುನಿಸಾ? ನಿಮ್ಮಪ್ಪನೂ ಹೀಗೇ, ಮೂತಿ ಊದಿಸ್ಕೊಂಡು ಕೂತ್ರೆ ಏಳ್ತಾನೇ ಇರ್ಲಿಲ್ಲ. ನೋಡೋಣ, ಯಾರು ಮೊದಲು ಸೋಲ್ತಾರೆ!"

ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಬಟಾಣಿ ಸುಲಿಯತೊಡಗಿದರು.

ಮುನಿಸಿನ ಸುದ್ದಿ ಕಾಂಪೌಂಡು ಹಾರಿತು. ಎದುರುಮನೆಯ ನಿವೃತ್ತ ಮೇಷ್ಟ್ರು ಬಂದು ನಾಡಿ ಹಿಡಿದು, "ಯಾವಳೋ ಕೈ ಕೊಟ್ಟಿದ್ದಾಳೆ, ಅನುಮಾನಾನೇ ಇಲ್ಲ" ಎಂದು ತೀರ್ಪು ಕೊಟ್ಟರು. ಕಲಾವಿದನ ಮೈ ಉರಿದುಹೋಯಿತು. ಮೂಗಿನ ಮೇಲೆ ನೊಣ ಬೇರೆ.

ಆಮೇಲೆ ಬಂದವನು ಪಕ್ಕದ ಅಂಗಡಿಯ ಟೈಲರ್. "ಅಮ್ಮಾ, ಇವರನ್ನ ಒಂದ್ ಗಳಿಗೆ ಕೊಡ್ತೀರಾ? ಇಷ್ಟು ನೆಟ್ಟಗೆ ಕೂರೋ ಗಿರಾಕಿ ಈ ಜನ್ಮದಲ್ಲಿ ಸಿಕ್ಕಿಲ್ಲ."

"ತಗೊಳ್ಳಪ್ಪ, ಸುಮ್ನೆ ತಾನೇ ಕೂತಿದ್ದಾನೆ."

ಅರ್ಧ ಹೊಲಿದ ಕೋಟು ಮೈಗೇರಿತು. ಸೀಮೆಸುಣ್ಣದ ಗೆರೆಗಳು ಬಿದ್ದವು, ಉದ್ದಕ್ಕೂ ಗುಂಡುಪಿನ್ನುಗಳು ಚುಚ್ಚಿಕೊಂಡವು. ಒಂದಂತೂ ಕೋಟು ದಾಟಿ ಭುಜಕ್ಕೇ ಇಳಿಯಿತು. ಕಣ್ಣಲ್ಲಿ ನೀರು ಬಂತೇ ಹೊರತು ಅವನು ಅಲ್ಲಾಡಲಿಲ್ಲ. ಅಷ್ಟರಲ್ಲಿ ಅಂಗಡಿಯಿಂದ ಯಾರೋ ಕೂಗಿದರು. ಟೈಲರ್ ಕೋಟನ್ನು ಅಲ್ಲೇ ಬಿಟ್ಟು ಓಡಿದ.

ಹೊತ್ತು ಗೋಡೆಯಂಚಿಗೆ ಇಳಿದಾಗ ಆಯ್ಕೆಗಾರರು ಬಂದರು. ತೂಕಡಿಸುತ್ತಿದ್ದ ಅತ್ತೆಯನ್ನು ಕಣ್ಣರಳಿಸಿ ನೋಡಿದರು.

"ಅದ್ಭುತ ಅಮ್ಮಾ! ಜೀವಂತ ಹೆಂಗಸು, ಪಕ್ಕದಲ್ಲಿ ಟೈಲರ್ ಅಂಗಡಿ ಬೊಂಬೆ! ಎಷ್ಟು ಹೊತ್ತಿಂದ ಕೂತಿದ್ದೀರಿ?"

ಅತ್ತೆ ಬೆಚ್ಚಿ ಎದ್ದರು. "ಬೆಳಿಗ್ಗೆಯಿಂದ. ಸೋಲೋ ಪೈಕಿ ಅಲ್ಲ ನಾನು."

"ಪ್ರದರ್ಶನಕ್ಕೆ ನಿಮ್ಮನ್ನೇ ಆರಿಸಿದೆ!"

ಬಾಯಿ ಬಿಟ್ಟರೆ ದಿನವಿಡೀ ಪಟ್ಟ ಪಾಡು ಮಣ್ಣುಪಾಲು, ಬಿಡದಿದ್ದರೆ ಜಾಗ ಅತ್ತೆಯ ಪಾಲು. ಕಲಾವಿದ ಪಿನ್ನುಗಳ ಸಮೇತ ನೆಗೆದೆದ್ದ. "ಸಾರ್, ಬೊಂಬೆ ಅಲ್ಲ! ಕಲಾವಿದ ನಾನು!"

ಆಯ್ಕೆಗಾರರು ಎದೆ ಹಿಡಿದುಕೊಂಡರು. ಸುಧಾರಿಸಿಕೊಂಡ ಮೇಲೆ ಅವರ ಮುಖ ಬಾಡಿತು. "ಛೆ, ಮನುಷ್ಯನಾ? ಮನುಷ್ಯ ಕೂತ್ರೆ ಅದರಲ್ಲೇನಪ್ಪಾ ವಿಶೇಷ?"

"ನೋಡ್ದಾ, ಸೋತಿದ್ದು ನೀನೇ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು. ಆದರೂ ಅಣ್ಣನ ಮಗ, ಕರುಳು ಚುರ್ರೆಂದಿತು. "ಸಾರ್, ಬೊಂಬೆ ಅಂತಾನೇ ಹೇಳಿ ಕೂರಿಸೋಣ. ಯಾರಿಗೆ ಗೊತ್ತಾಗುತ್ತೆ?"

ಹೀಗೆ ಕಲಾವಿದನಿಗೆ ದೊಡ್ಡ ಪ್ರದರ್ಶನದಲ್ಲಿ ಜಾಗ ಸಿಕ್ಕಿತು. ಪ್ರದರ್ಶನದ ದಿನ ಅತ್ತೆ ಅವನ ಪಕ್ಕದಲ್ಲಿ ಬಟಾಣಿ ಸುಲಿಯುತ್ತಾ ಪತ್ರಿಕೆಯವರಿಗೆ ಸಂದರ್ಶನ ಕೊಡುತ್ತಿದ್ದರು. ಅವನ ಕೊರಳಿಗೆ ಒಂದು ಫಲಕ ನೇತುಬಿದ್ದಿತ್ತು: "ದಯವಿಟ್ಟು ಬೊಂಬೆಯನ್ನು ಮುಟ್ಟಬೇಡಿ."