ಅಪ್ಪಣೆಯಿಲ್ಲದ ದನಿಗಳು

ಮನೆಗೆ ಬಂದವರ ದನಿಯನ್ನು ನಮ್ಮ ಸೋದರತ್ತೆ ಹಿಡಿದಿಟ್ಟುಕೊಳ್ಳುತ್ತಾಳೆ ಎಂದು ಹೊನ್ನಾಳಿಯ ಅರ್ಧ ಊರು ನಂಬಿತ್ತು. ಉಳಿದರ್ಧ ಊರಿಗೆ ನಂಬುವ ಅಗತ್ಯವೇ ಇರಲಿಲ್ಲ, ಅವರ ದನಿ ಆಗಲೇ ಅಲ್ಲಿತ್ತು!

ಅತ್ತೆ ಪ್ರೈಮರಿ ಶಾಲೆಯ ಅಕ್ಕೋರಾಗಿದ್ದವಳು. ನಿವೃತ್ತಿಯಾದ ವರ್ಷವೇ ಕಣ್ಣು ಪೂರ್ತಿ ಹೋಯಿತು. ಬೇರೆಯವರಾಗಿದ್ದರೆ ದೇವರನ್ನು ಬೈಯುತ್ತಿದ್ದರು. ಇವಳು ದೇವರ ತಂಟೆಗೆ ಹೋಗದೆ ಒಂದು ಟೇಪ್‌ರೆಕಾರ್ಡರ್ ತರಿಸಿದಳು. ಅಂದಿನಿಂದ ಆ ಮನೆಗೆ ಒಂದೇ ಕಟ್ಟಳೆ: ಹೊಸ್ತಿಲು ದಾಟಿದವರು ಟೇಪಿಗೆ ಎರಡು ಪುಟ ಓದಬೇಕು, ಆಮೇಲೆ ಮಜ್ಜಿಗೆ. ಪೋಸ್ಟ್‌ಮನ್ ಓದಿದ, ಬಳೆಗಾರ ಓದಿದ, ಮೀಟರ್ ನೋಡಲು ಬಂದವನೂ ಓದಿದ. ಪುಸ್ತಕವೋ, ಒಂದು ದಪ್ಪ ಪತ್ತೇದಾರಿ ಕಾದಂಬರಿ.

ಪರಿಣಾಮ ಊಹಿಸಿಕೊಳ್ಳಿ! ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಕಿಟಕಿಯೊಳಗಿಂದ ಗಂಡಸೊಬ್ಬ ಬಾವಿಯಲ್ಲಿ ತೇಲುವ ಹೆಣವನ್ನು ವರ್ಣಿಸುತ್ತಾನೆ. ವಾಕ್ಯದ ನಡುವೆ ಅವನು ಮಾಯವಾಗಿ, ಅದೇ ಹೆಣವನ್ನು ಹೆಂಗಸೊಬ್ಬಳು ಮೇಲೆತ್ತುತ್ತಾಳೆ. ಸೋಪು ಮಾರುವವನೊಬ್ಬ ಇಣುಕಿ ನೋಡಿದರೆ ಒಳಗೆ ಮುದುಕಿ ಒಬ್ಬಳೇ. ತುಟಿ ಅಲುಗುತ್ತಿಲ್ಲ.

"ಒಳಗೆ ಬಾರಪ್ಪ, ನಿಂಗೇ ಕಾಯ್ತಿದ್ದೆ" ಅಂದಳಂತೆ ಅತ್ತೆ.

ಅವನು ಚೀಲ ಬಿಟ್ಟು ಓಡಿದ. ಮತ್ತೆ ಆ ಬೀದಿಗೇ ಬರಲಿಲ್ಲ. ಇದನ್ನು ನಾನು ಕಂಡೆನೆ, ಅತ್ತೆಯ ಬಾಯಲ್ಲಿ ಕೇಳಿ ಕಂಡಂತೆ ಮಾಡಿಕೊಂಡೆನೆ? ಆ ವಾರದ ನನ್ನ ದಿನಚರಿ ತೆಗೆದು ನೋಡಿದೆ. 'ಸೋಪು ಚೆನ್ನಾಗಿದೆ' ಎಂದಷ್ಟೇ ಇದೆ.

ಕ್ಯಾಸೆಟ್ಟುಗಳು ತುಂಬಿದಂತೆ ಬಸ್ ಕಂಡಕ್ಟರರ ಕೈಯಲ್ಲಿ ಊರೂರು ಸುತ್ತತೊಡಗಿದವು. ನ್ಯಾಮತಿಯಲ್ಲಿ ದೃಷ್ಟಿ ಕಳೆದುಕೊಂಡ ಒಬ್ಬ ದರ್ಜಿ, ಜಗಳೂರಿನಲ್ಲಿ ಹುಟ್ಟುಕುರುಡರಾದ ಒಬ್ಬರು ಹಾರ್ಮೋನಿಯಂ ಮೇಷ್ಟ್ರು. ಈ ಮೇಷ್ಟ್ರು ಪಕ್ಕದವರಿಂದ ಕಾರ್ಡು ಬರೆಸುತ್ತಿದ್ದರು: 'ಕೊಲೆಗಾರ ಯಾರೆಂದು ಬೇಗ ಕಳಿಸಿರಿ, ನಮಗೂ ವಯಸ್ಸಾಯಿತು.'

ಓದಿದವರಲ್ಲಿ ಹಾಲು ಮಾರುವ ಬಸಮ್ಮನೂ ಇದ್ದಳು. ನಲವತ್ತು ದಾಟಿದ ಮೇಲೆ ಅತ್ತೆಯಿಂದಲೇ ಅಕ್ಷರ ಕಲಿತವಳು. ಆ ಶ್ರಾವಣದಲ್ಲಿ ಜ್ವರ ಬಂದು ತೀರಿಕೊಂಡಳು. ಹಾಲು ತರುವ ಕೆಲಸ ಮಗ ಪರಮೇಶಿಗೆ ಬಂತು. ಹದಿನೈದು ದಿನ ಕಳೆದಿರಬೇಕು, ಅವನು ಕ್ಯಾನು ಹಿಡಿದು ಬಂದವನು ಕಿಟಕಿಯ ಬಳಿ ನಿಂತುಬಿಟ್ಟ. ಒಳಗೆ ಅವನ ಅವ್ವ ಅಕ್ಷರಕ್ಕೆ ಅಕ್ಷರ ಕೂಡಿಸುತ್ತ, 'ಬಾ-ಗಿ-ಲು ತಾ-ನೇ ತೆ-ರೆ-ಯಿ-ತು' ಎಂದು ಓದುತ್ತಿದ್ದಳು. ನಾನು ಅಲ್ಲೇ ಇದ್ದೆ. ನನಗೆ ಮೈ ಜುಂ ಎಂದಿದ್ದು ಮಾತ್ರ ಕೇಳಿದ ಕತೆಯಲ್ಲ.

"ಅಕ್ಕೋರೆ, ನಮ್ಮವ್ವಂದು ಒಂದು ಫೋಟೋನೂ ಇಲ್ರಿ. ದಿನಾ ಬಂದು ಕೇಳ್ಲೇನ್ರಿ?"

"ಬಾ. ಆದ್ರೆ ನೀನೂ ಎರಡು ಪುಟ ಓದಬೇಕು."

ಎಲ್ಲ ಕೆಡಿಸಿದವಳು ನಾನು. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ಜಂಬ! ರಜೆಗೆ ಬಂದಾಗ, ಬೇರೆಯವರು ಬಿಟ್ಟಿದ್ದ ಮೊದಲ ಪುಟದ ಸಣ್ಣ ಅಕ್ಷರವನ್ನೂ ಓದಿಬಿಟ್ಟೆ: ಅನುಮತಿಯಿಲ್ಲದೆ ಯಾವ ರೂಪದಲ್ಲಿಯೂ ನಕಲು ಮಾಡಕೂಡದು. ಕಾಪಿ ಹೊಡೆದ ಮಕ್ಕಳ ಕಿವಿಯನ್ನು ಮೂವತ್ತು ವರ್ಷ ಹಿಂಡಿದವಳು ಅತ್ತೆ. ಅವತ್ತೇ ಪ್ರಕಾಶಕರಿಗೆ ಪತ್ರ ಬರೆಸಿದಳು. ನ್ಯಾಮತಿ, ಜಗಳೂರು, ಮೀಟರಿನವನು, ಒಂದನ್ನೂ ಮುಚ್ಚಿಡಲಿಲ್ಲ.

ಉತ್ತರ ಬಂತು. ಕಾನೂನಿನಲ್ಲಿ ಕುರುಡರಿಗೆಂದು ಬೇರೆ ವಿನಾಯಿತಿಯಿಲ್ಲ. ಧ್ವನಿಮುದ್ರಣವನ್ನೆಲ್ಲ ಅಳಿಸಿ ತಿಳಿಸುವುದು.

"ನಾನು ಪುಸ್ತಕ ಕೊಂಡಿದ್ದೀನಲ್ಲೇ?"

"ಕೊಂಡಿರೋದು ಕಣ್ಣಲ್ಲಿ ಓದೋಕೆ, ಅತ್ತೆ."

"ಅಂದ್ರೆ ನಂಗೆ ಮಾರಿದ್ದು ಖಾಲಿ ಕಾಗದ ಅನ್ನು."

"ನೀನು ಕೇಳದೇ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ನಂಗೆ ಗೊತ್ತಾಗ್ತಿತ್ತಲ್ಲ."

ಕ್ಯಾಸೆಟ್ಟುಗಳು ಬಸ್ಸು ಹತ್ತಿ ವಾಪಸು ಬಂದವು. ಕೊಲೆಗಾರನ ಹೆಸರನ್ನು ಜಗಳೂರಿಗೆ ನಾನೇ ಕಾರ್ಡಿನಲ್ಲಿ ಬರೆದು ಹಾಕಿದೆ. ಅದಕ್ಕೂ ಅಪ್ಪಣೆ ಬೇಕಿತ್ತೇನೋ, ಕೇಳಲಿಲ್ಲ.

ಪರಮೇಶಿ ಬಾಗಿಲಲ್ಲಿ ನಿಂತು ಕೇಳಿದ: "ನಮ್ಮವ್ವನ್ನೂ ಅಳಸ್ತೀರೇನ್ರಿ?"

ಮೂರನೆಯ ದಿನ ಅತ್ತೆ ತೀರ್ಪು ಕೊಟ್ಟಳು: "ಪುಸ್ತಕದಲ್ಲಿರೋದು ಪ್ರಕಾಶಕರದ್ದು. ಓದೋರು ಮಧ್ಯೆ ಆಡಿದ ಮಾತು ಅವರದ್ದಲ್ಲ. ಅದನ್ನ ಉಳಿಸು."

ಅಳಿಸುವುದೆಂದರೆ ಹಳೆಯ ದನಿಯ ಮೇಲೆ ಮೌನವನ್ನು ತುಂಬುವುದು. ರೆಕಾರ್ಡ್ ಗುಂಡಿ ಒತ್ತಿ, ಇಬ್ಬರೂ ಉಸಿರು ಬಿಗಿಹಿಡಿದು, ಗೋಡೆ ನೋಡುತ್ತ ಕೂರಬೇಕು. ಎಂಟು ದಿನ ಕೂತೆವು. ಆರನೆಯ ಅಧ್ಯಾಯದಲ್ಲಿ ನಾನು ಸೀನಿದೆ.

"ಇರಲಿ ಬಿಡು" ಅಂದಳು ಅತ್ತೆ, "ಅದೂ ಪ್ರಕಾಶಕರದ್ದಲ್ಲ."

ಕೊನೆಗೆ ಪರಮೇಶಿಯನ್ನು ಕೂರಿಸಿಕೊಂಡು ಹಾಕಿದೆವು. ಸುಯ್ಯೆನ್ನುವ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ ಎಲ್ಲಿಂದಲೋ ಒಂದು ಕೆಮ್ಮು. ಮತ್ತೆ ಮೌನ. 'ಪುಟ ಅಂಟ್ಕೊಂಡೈತೆ ನೋಡ್ರಿ.' ಮೌನ. 'ಅಯ್ಯೋ ಶಿವನೇ, ಇವಳ್ನೂ ಕೊಂದ್ನಾ!' ಕತೆಯೇ ಇಲ್ಲದ ಮನೆಯಲ್ಲಿ ಜನ ಬಂದು ಹೋಗುತ್ತಿದ್ದರು. ಖಾಲಿ ಜಾಗ ಬಂದಾಗೆಲ್ಲ ಅತ್ತೆಯ ತುಟಿ ಅಲುಗುತ್ತಿತ್ತು. ಪುಸ್ತಕ ಅವಳಿಗೆ ಬಾಯಿಪಾಠವಾಗಿತ್ತೋ, ನನಗೆ ಹಾಗೆ ಕಂಡಿತೋ, ಇಂದಿಗೂ ಖಾತ್ರಿಯಿಲ್ಲ.

ಆಗ ಬಸಮ್ಮ, ತೀರಾ ಹತ್ತಿರದಿಂದ: "ಅಕ್ಕೋರೆ, ಗಂಟ್ಲು ಒಣಗೈತ್ರಿ. ಒಂದೀಟು ನೀರು ಕೊಡ್ರಿ."

ಪರಮೇಶಿ ಎದ್ದ. ಅಡುಗೆಮನೆಗೆ ಹೋಗಿ ಲೋಟದ ತುಂಬ ನೀರು ತಂದ. ತಂದವನು ಯಾರಿಗೆ ಕೊಡಬೇಕೆಂದು ತಿಳಿಯದೆ ಟೇಪ್‌ರೆಕಾರ್ಡರಿನ ಮುಂದೆ ನಿಂತ.

ಅತ್ತೆ ಹೆಜ್ಜೆಯ ಸದ್ದು ಹಿಡಿದು ಕೈ ಚಾಚಿದಳು. "ಇತ್ತ ಕೊಡಪ್ಪ."

ನಿಧಾನವಾಗಿ, ಒಂದು ಹನಿ ಬಿಡದೆ, ಕುಡಿದಳು.