ಮೋಡದ ಹೋಟೆಲಿನಲ್ಲಿ ನನ್ನ ಪಾಳಿ

ಸೂರ್ಯ ಕಣ್ಣುಜ್ಜಿಕೊಳ್ಳುವ ಮೊದಲೇ ನಾನು ಮುಗಿಸಬೇಕಾದ ಕೆಲಸಗಳು ಇವು: ನಲ್ಲಿ ಗೊರಗೊರ ಎಂದ ಕೂಡಲೇ ಎದ್ದು ಡ್ರಮ್ಮಿಗೆ ನೀರು ಹಿಡಿಯುವುದು, ಬೆಳಕಾದ ಮೇಲೆ ಅದು ಬರೀ ಗಾಳಿ ಬಿಡುತ್ತದೆ. ರಾತ್ರಿ ಉಳಿದ ಅನ್ನವನ್ನು ಬೆರಳಲ್ಲಿ ಉದುರಿಸಿ ಬೆಳ್ಳುಳ್ಳಿ ಹಾಕಿ ಹುರಿಯುವುದು. ಒಣಮೀನು ಕರಿಯುವುದು. ಅದರ ವಾಸನೆ ಹತ್ತದಂತೆ ಅದಕ್ಕೂ ಮೊದಲು ಒಗೆದ ಬಟ್ಟೆಗಳನ್ನು ಮುಂದಿನ ಕೋಣೆಗೆ ಸಾಗಿಸುವುದು. ಗಂಡನ ಅಂಗಿಗೆ ಇಸ್ತ್ರಿ. ಗಂಡನ ಜೀಪ್ನಿಯ, ಅಂದರೆ ಜನ ಸಾಗಿಸುವ ಉದ್ದ ಜೀಪಿನ, ಗಾಜು ಒರೆಸುವುದು. ಗಂಡನ ಹುಂಜಕ್ಕೆ ಜೋಳ. ಅದು ಕಾಳಗದ ಹುಂಜ. ಸಂಜೆಯಾದರೆ ನನ್ನ ಗಂಡ ಅದರ ಕಾಲು ಒತ್ತುತ್ತಾನೆ. ನಮ್ಮ ಮನೆಯಲ್ಲಿ ಕಾಲು ಒತ್ತಿಸಿಕೊಳ್ಳುವ ಭಾಗ್ಯವಂತ ಜೀವ ಅದೊಂದೇ! ಇನ್ನು ಅತ್ತೆಗೆ ಬಿಸಿನೀರು. ಇಷ್ಟೆಲ್ಲ ಆದ ಮೇಲೆ ಸೂರ್ಯ ಬರುತ್ತಾನೆ, ಜಗತ್ತಿಗೆಲ್ಲ ತಾನೇ ಮೊದಲು ಎದ್ದವನಂತೆ ಮುಖ ಕೆಂಪು ಮಾಡಿಕೊಂಡು.

ಅಂಥದೊಂದು ಬೆಳಗಿನ ಜಾವ, ಇಲೊಯ್ಲೊ ಊರಿನ ನಮ್ಮ ಕಿರಿದಾದ ಅಡುಗೆಮನೆಯಲ್ಲಿ, ಸೌಟನ್ನು ಖಡ್ಗದಂತೆ ಎತ್ತಿ ಹಿಡಿದು ನಾನು ಶಪಥ ಮಾಡಿದೆ: "ಲುದಿವಿನಾ ಎಂಬ ನಾನು ಇನ್ನು ಮೇಲೆ ದಿನಕ್ಕೊಂದು ಗಂಟೆ ಕುಳಿತು ಆಟ ಆಡುತ್ತೇನೆ! ಆ ಗಂಟೆ ನನ್ನದು! ತಡೆಯುವವರು ತಡೆಯಲಿ!"

ತಡೆದರು.

ಫೋನಿನಲ್ಲಿ 'ಮೋಡದ ಹೋಟೆಲು' ಎಂಬ ಆಟವಿತ್ತು. ಏನು ಹೇಳಲಿ ಅದರ ಚೆಲುವು! ಮೋಡದ ಮೇಲೊಂದು ಹೋಟೆಲು. ಕಾಗದದ ದೋಣಿಯಲ್ಲಿ ಗಿರಾಕಿಗಳು ತೇಲಿ ಬರುತ್ತಾರೆ. ಸಾರಿನ ಬಟ್ಟಲಿನಲ್ಲಿ ಚಿಕ್ಕ ಚಂದ್ರ ಮುಳುಗೇಳುತ್ತಿರುತ್ತಾನೆ. ಎಂಜಲು ತಟ್ಟೆಯನ್ನು ಒಮ್ಮೆ ಮುಟ್ಟಿದರೆ ಸಾಕು, 'ಟಿಂಗ್' ಎಂದು ಹೊಳೆಯುತ್ತದೆ. ಉಂಡವರು ಎದ್ದು ಹೋಗುವಾಗ ಎದೆಯಿಂದ ಒಂದು ಕೆಂಪು ಹೃದಯ ತೆಗೆದು ಅಡುಗೆಯವಳಿಗೆ ಕೊಟ್ಟು ಹೋಗುತ್ತಾರೆ. ನನ್ನ ಮನೆಯಲ್ಲಿ ಉಂಡವರು ತೇಗು ಮಾತ್ರ ಬಿಟ್ಟು ಹೋಗುತ್ತಾರೆ.

ಆದರೆ ಹೆಂಗಸೊಬ್ಬಳು ಫೋನು ಹಿಡಿದು ಕುಳಿತಳೆಂದರೆ ಮನೆಯ ಗೋಡೆಗಳಿಗೂ ಅವಳಿಗೆ ಹೇಳಬೇಕಾದ ಕೆಲಸ ನೆನಪಾಗುತ್ತದೆ!

"ಲುದೀ, ಹೇಗೂ ಸುಮ್ನೆ ಕೂತಿದ್ದೀಯಲ್ಲ, ಈ ಗುಂಡಿ ಹೊಲ್ದುಬಿಡು" ಎಂದು ಗಂಡ ಸಾಂತೊ.

"ಲುದೀ, ಹೇಗೂ ಬಿಡುವಾಗಿದ್ದೀಯ, ಮೂರು ಮೊಟ್ಟೆ ಸಾಲ ಕೊಡು" ಎಂದು ಪಕ್ಕದ ಮನೆಯ ನೆನಿತಾ, ನಾನು ಮನಾಂಗ್, ಅಂದರೆ ಅಕ್ಕ, ಎಂದು ಕರೆಯುವವಳು.

ಅತ್ತೆ ಬಾಗಿಲಲ್ಲಿ ನಿಂತು ಸೊಂಟ ಹಿಡಿದುಕೊಂಡು ಒಂದು ಉಸಿರು ಬಿಡುತ್ತಿದ್ದರು, ಅಷ್ಟೇ. ಆ ಉಸಿರಿಗೆ ನನ್ನ ಚಂದ್ರ ಸಾರಿನಲ್ಲಿ ಮುಳುಗಿಹೋಗುತ್ತಿದ್ದ.

ಇದೇ ನೆನಿತಾಳ ಮಗ ರಾತ್ರಿಯಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕುಳಿತು ಯಾವುದೋ ವಿದೇಶಿ ಕಂಪನಿಗೆ ದುಡಿಯುತ್ತಾನೆ. ಅವನ ಕೆಲಸ ಕೆಡಬಾರದೆಂದು ಇಡೀ ಓಣಿ ತುದಿಗಾಲಲ್ಲಿ ನಡೆಯುತ್ತದೆ. ನಾಯಿ ಬೊಗಳಿದರೆ ಕಲ್ಲು, ಮಗು ಅತ್ತರೆ ಬಾಯಿಗೆ ಬಾಳೆಹಣ್ಣು. ಅದನ್ನು ನೋಡುತ್ತಲೇ ನನಗೆ ಜ್ಞಾನೋದಯವಾಯಿತು. ಫೋನು ಹಿಡಿದವಳು ಸೋಮಾರಿ. ಕಂಪ್ಯೂಟರ್ ಮುಂದೆ ಕುಳಿತವಳು ಉದ್ಯೋಗಿ!

ನಮ್ಮ ಮನೆಯಲ್ಲೂ ಒಂದು ಕಂಪ್ಯೂಟರ್ ಇತ್ತು. ಮಗಳು ಓದಿಗೆಂದು ಮನಿಲಾಗೆ ಹೋದ ಮೇಲೆ ಅದು ಕ್ರೋಶಾ ಹೊದಿಕೆ ಹೊದ್ದು ಮಲಗಿತ್ತು; ಹಬ್ಬ ಹುಟ್ಟುಹಬ್ಬಗಳಲ್ಲಿ ಮಾತ್ರ ಎದ್ದು, ಟೀವಿಗೆ ಅಂಟಿಕೊಂಡು, ಬಂದವರಿಗೆಲ್ಲ ಮೈಕು ಕೊಟ್ಟು ಹಾಡಿಸುತ್ತಿತ್ತು. ಮಗಳಿಗೆ ಫೋನು ಮಾಡಿದೆ.

"ಫೋನಿನ ಆಟ ಕಂಪ್ಯೂಟರಿನಲ್ಲಿ ಆಡೋಕಾಗುತ್ತಾ?"

"ಎಮ್ಯುಲೇಟರ್ ಹಾಕ್ಕೋ ಅಮ್ಮಾ. ಕಂಪ್ಯೂಟರ್ ಒಳಗೆ ಒಂದು ಸುಳ್ಳು ಫೋನು ಕೂರುತ್ತೆ. ಆಟಕ್ಕೆ ತಾನು ಫೋನಿನಲ್ಲೇ ಇದ್ದೀನಿ ಅಂತ ಭ್ರಮೆ."

ಆಹಾ! ಕಂಪ್ಯೂಟರ್ ತಾನು ಫೋನೆಂದು ನಟಿಸುತ್ತದೆ, ನಾನು ಕೆಲಸದಲ್ಲಿದ್ದೇನೆಂದು ನಟಿಸುತ್ತೇನೆ. ಜಾತಕ ಕೂಡಿಬಂತು! ಬೆರಳಿನ ಕೆಲಸಗಳನ್ನೆಲ್ಲ ಕೀಲಿಗಳಿಗೆ ಹಂಚಿದೆ: ಈ ಕೀಲಿಗೆ ಸಾರು, ಆ ಕೀಲಿಗೆ ರೊಟ್ಟಿ, ಕೆಳಗಿನ ಉದ್ದನೆಯ ಕೀಲಿಗೆ ಪಾತ್ರೆ ತೊಳೆಯುವುದು. ಮಗಳ ಹಳೆಯ ಹೆಡ್‌ಫೋನ್ ತಲೆಗೇರಿಸಿ, ಹುಬ್ಬು ಗಂಟಿಕ್ಕಿ, ನಸುಕಿನಲ್ಲಿ ಕುಳಿತೆ.

ಸಾಂತೊ ಆಕಳಿಸುತ್ತ ಬಂದ. "ಪಾಂಗ್ಗಾ, ನನ್ನ ಸಾಕ್ಸ್..." ಎಂದವನು ಅಲ್ಲೇ ನಿಂತ. ಪಾಂಗ್ಗಾ ಎಂದರೆ ನಮ್ಮ ಕಡೆ ಗಂಡ ಹೆಂಡತಿ ಪ್ರೀತಿಯಿಂದಲೂ ಸಾಕ್ಸ್ ಸಿಗದಾಗಲೂ ಕರೆದುಕೊಳ್ಳುವ ಹೆಸರು. ನಾನು ಒಂದು ಬೆರಳು ಎತ್ತಿದೆ. ಸುಳ್ಳು ಹೇಳಲಿಲ್ಲ, ದೇವರಾಣೆ! ಬೆರಳು ಎತ್ತಿದೆ ಅಷ್ಟೇ.

"ಕೆಲಸಾನಾ?" ಎಂದು ಪಿಸುಗುಟ್ಟಿದ. ನಾನು ತಲೆ ಅಲ್ಲಾಡಿಸಿದೆ; ಎತ್ತ ಕಡೆಗೆ ಎಂದು ಇವತ್ತಿಗೂ ನನಗೆ ಸ್ಪಷ್ಟವಿಲ್ಲ.

"ಸಂಬಳ?"

"ಈಗ ತರಬೇತಿ. ಸಂಬಳ ಇಲ್ಲ."

ಅವನಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. ಸಂಬಳವಿಲ್ಲದ ಕೆಲಸದಲ್ಲಿ ನನ್ನನ್ನು ನೋಡಿ ಅವನಿಗೆ ಮದುವೆಯಾದಂದಿನಿಂದ ಅಭ್ಯಾಸ!

ಆಮೇಲಿನ ದಿನಗಳು ಕನಸು. ಹೊರಗೆ ಕತ್ತಲು ಹಾಲಿನಂತೆ ತೆಳುವಾಗುತ್ತಿರುತ್ತದೆ. ನಾನು ಮೋಡದ ಮೇಲಿರುತ್ತೇನೆ. ಹೆಡ್‌ಫೋನಿನಾಚೆ, ಬಹಳ ದೂರದಲ್ಲಿ, ಬೇರೆ ಯಾವುದೋ ಲೋಕದಲ್ಲಿ, ಡ್ರಮ್ಮಿಗೆ ನೀರು ಬೀಳುತ್ತದೆ. ಬೆಳ್ಳುಳ್ಳಿ ಹುರಿದ ಪರಿಮಳ ಬಂದು ಮೂಗು ಸವರುತ್ತದೆ; ಅದು ಮೋಡದ ಹೋಟೆಲಿನದೋ ನಮ್ಮ ಮನೆಯದೋ ತಿಳಿಯುವುದಿಲ್ಲ. ಆಮೇಲೆ ಸಾಂತೊ ತುದಿಗಾಲಲ್ಲಿ ಬಂದು ನನ್ನ ಮೊಣಕೈ ಬಳಿ ಕಾಫಿ ಇಡುತ್ತಾನೆ. ಕಾಫಿ! ನನಗೆ! ಬಿಸಿಯಾಗಿ! ಹುಂಜ ಕೂಗಿದರೆ ಅವನೇ ಓಡಿಹೋಗಿ "ಶ್, ಒಳಗೆ ಗಿರಾಕಿ ಇದ್ದಾರೆ" ಎಂದು ಅದನ್ನು ಗದರುತ್ತಾನೆ. ನಾನು ಕರಗಿಹೋದೆ. ಗಂಡಸು ಬದಲಾಗುವುದಿಲ್ಲ ಅನ್ನುವವರೆಲ್ಲ ಬಂದು ನನ್ನ ಗಂಡನನ್ನು ನೋಡಲಿ ಎಂದುಕೊಂಡೆ.

ಇನ್ನೊಂದು ಪವಾಡ ಕೇಳಿ. ಈ ಎಮ್ಯುಲೇಟರಿಗೆ ಒಮ್ಮೆ ಹೇಳಿಕೊಟ್ಟರೆ ನಾವಿಲ್ಲದಾಗಲೂ ತಾನೇ ಗುಂಡಿ ಒತ್ತುವ ವಿದ್ಯೆ ಇದೆಯಂತೆ. ಎಡವಿ ಎಡವಿ ನಾನೂ ಏನೋ ಹೇಳಿಕೊಟ್ಟೆ. ಮಧ್ಯಾಹ್ನ ಒಂದು ಕೋಳಿನಿದ್ದೆ ಮಾಡಿ ಎದ್ದು ನೋಡಿದರೆ ಹೋಟೆಲಿಗೆ ಹೊಸ ಮಹಡಿ! ಇನ್ನೊಂದು ದಿನ ಚಿನ್ನದ ಒಲೆ! ಕಿಟಕಿಗೆ ನಕ್ಷತ್ರದ ಪರದೆ! "ಮಶೀನಿಗೆ ಅಡುಗೆ ಕಲಿಸಿದ ಮೊದಲ ಹೆಣ್ಣು ನಾನು" ಎಂದು ಮಗಳ ಹತ್ತಿರ ಕೊಚ್ಚಿಕೊಂಡೆ.

ಅಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ನೆನಿತಾ ಮೊಟ್ಟೆ ಸಾಲ ಕೇಳುವುದನ್ನು ಬಿಟ್ಟು ಮೊಟ್ಟೆ ತಂದುಕೊಟ್ಟಳು! "ಲುದೀ, ನನ್ನ ತಂಗಿ ಮಗಳಿಗೂ ನಿನ್ನ ಕಂಪನೀಲಿ ಒಂದು ಕೆಲಸ ನೋಡೇ."

"ನೋಡೋಣ ಮನಾಂಗ್. ಅಲ್ಲಿ ತುಂಬ ಕಷ್ಟದ ಗಿರಾಕಿಗಳು" ಎಂದೆ. ಅದೂ ಸುಳ್ಳಲ್ಲ. ಮೂರನೇ ಮೇಜಿನ ಮೀಸೆಯ ಬೆಕ್ಕು ಎಂಥ ಸಾರು ಕೊಟ್ಟರೂ ಚಮಚ ಕುಟ್ಟುತ್ತಿತ್ತು.

ಹೀಗಿರುವಾಗ ಬಂತು ಸಾಂತೊನ ಹುಟ್ಟುಹಬ್ಬ. ಆಯುಸ್ಸು ಉದ್ದವಾಗಲೆಂದು ಉದ್ದ ಶಾವಿಗೆಯ ಪಾನ್ಸಿತ್ ಬೇಯಿತು. ನೆಂಟರು, ಜೀಪ್ನಿ ಚಾಲಕರು, ನೆನಿತಾ, ಕೊನೆಗೆ ನಮ್ಮ ವಾರ್ಡಿನ ಮೆಂಬರೂ ಬಂದರು. ಕಂಪ್ಯೂಟರಿಗೆ ಟೀವಿ ಸಿಕ್ಕಿಸಿ, ಆಳೆತ್ತರದ ಎರಡು ಸ್ಪೀಕರ್ ಜೋಡಿಸಿ, ಸಾಂತೊ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡ. "ಈ ಹಾಡು ನನ್ನ ಪಾಂಗ್ಗಾಗೆ" ಎಂದು ಹಾಡಿನ ಪಟ್ಟಿಯೆಂದುಕೊಂಡು ಪಕ್ಕದ ಚಿತ್ರವನ್ನು ಒತ್ತಿದ.

ಟಿಂಗ್!

ಗೋಡೆ ಅದುರಿತು. ಟೀವಿಯ ತುಂಬ ಮೋಡ. ಮೋಡದ ಮೇಲೆ ಹೋಟೆಲು. ಅದರ ಮೇಲೆ ಮಿನುಗುವ ಹಲಗೆ: 'ಅಡುಗೆರಾಣಿ ಲುದಿವಿನಾಗೆ ಸ್ವಾಗತ! ನಿಮ್ಮ ಪಾತ್ರೆಗಳು ಕೊಳಕಾಗಿವೆ!' ಕಾಗದದ ದೋಣಿಗಳು ಸಾಲಾಗಿ ಬಂದವು. ಬೆಕ್ಕು ಆಗಲೇ ಚಮಚ ಕುಟ್ಟತೊಡಗಿತ್ತು.

ಕೂತವರೆಲ್ಲ ಬಾಯಿಗೆ ಎತ್ತಿದ ಶಾವಿಗೆ ಹಾಗೇ ಹಿಡಿದು ನನ್ನತ್ತ ತಿರುಗಿದರು. ನನ್ನ ಗಂಟೆ, ನನ್ನ ಕಾಫಿ, ನನ್ನ ಹೊಸ ಗಂಡ, ಎಲ್ಲವೂ ಒಂದೊಂದೇ ದೋಣಿ ಹತ್ತಿ ಹೊರಟುಹೋಗುವುದು ಕಣ್ಣಿಗೆ ಕಂಡಿತು.

"ಇದೇನು ಲುದೀ?" ಎಂದ ಸಾಂತೊ.

ಮೂಲೆಯಿಂದ ಅತ್ತೆಯ ದನಿ ಬಂತು. "ಏನು ಅಂತ ಕಣ್ಣಿಗೆ ಕಾಣಲ್ವೇನೋ? ಅವಳ ಗಿರಾಕಿಯ ಹೋಟೆಲು ಅದು. ವಿದೇಶದ್ದು. ಅವಳು ಇಲ್ಲಿಂದಲೇ ಅಲ್ಲಿಯ ಪಾತ್ರೆ ತೊಳೀತಾಳೆ."

ನೆನಿತಾ ಎದೆ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಯೇಸುವೇ! ಆ ಜನ ತಾವು ಉಂಡ ತಟ್ಟೇನೂ ತೊಳೆಯಲ್ವಾ?"

"ಅಲ್ಲಿ ಯಂತ್ರದ ಕೈಗಳಿರ್ತವೆ" ಎಂದರು ಮೆಂಬರು, ಶಾವಿಗೆ ನುಂಗಿ. "ಇಲ್ಲಿ ಗುಂಡಿ ಒತ್ತಿದ್ರೆ ಅಲ್ಲಿ ಕೈ ಆಡುತ್ತೆ. ನಾನು ಒಂದು ಮೀಟಿಂಗಿನಲ್ಲಿ ಕೇಳಿದ್ದೆ."

"ಮತ್ತೆ ಆ ಬೆಕ್ಕು?" ಎಂದ ಒಬ್ಬ ಚಾಲಕ.

"ಗಿರಾಕಿಯ ಮುಖಾನ ಬೆಕ್ಕಿನ ಚಿತ್ರದಿಂದ ಮುಚ್ಚಿಡ್ತಾರೆ ಕಣಯ್ಯಾ. ದೊಡ್ಡವರು ಬರೋ ಹೋಟೆಲಲ್ವಾ, ಗುರುತು ಸಿಗಬಾರದು!" ಎಂದರು ಮೆಂಬರು.

ಎಲ್ಲರೂ 'ಓಹೋ' ಎಂದರು. ಮನೆಮನೆಯಿಂದಲೂ ಒಬ್ಬರಲ್ಲ ಒಬ್ಬರು ದೂರದೇಶದವರ ಮಗು ತೂಗಲು, ಮುದುಕರನ್ನು ಎತ್ತಲು, ನೆಲ ಒರೆಸಲು ಹೋದವರೇ ಇರುವ ಊರು ನಮ್ಮದು. ಕುಳಿತಲ್ಲಿಂದಲೇ ಅವರ ತಟ್ಟೆ ತೊಳೆಯುವುದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ!

"ಒಂದ್ಸಲ ತೊಳೆದು ತೋರಿಸೇ ಲುದೀ" ಎಂದಳು ನೆನಿತಾ.

ತೋರಿಸಿದೆ. ಇನ್ನೇನು ಮಾಡಲಿ? ನಿಜದ ಎಂಜಲು ತಟ್ಟೆಗಳು ಅಡುಗೆಮನೆಯಲ್ಲಿ ಗುಡ್ಡ ಬೆಳೆಯುತ್ತಿರಲು, ನಾನು ಊರವರ ಚಪ್ಪಾಳೆಯ ನಡುವೆ ಮೋಡದ ತಟ್ಟೆ ತೊಳೆದೆ. ತಪ್ಪು ಕೀಲಿ ಒತ್ತಿದಾಗ ಬೆನ್ನ ಹಿಂದೆ ಅತ್ತೆ ಬಗ್ಗಿದರು. ಕಿವಿಯ ಹತ್ತಿರ ಸಣ್ಣ ದನಿ: "ಆ ಉದ್ದ ಗುಂಡಿ ಒತ್ತೇ, ಪಾತ್ರೆಗೆ ಅದೇ ಅಲ್ವಾ? ಮೊದಲು ಬೆಕ್ಕಿಗೆ ಸಾರು ಕೊಡು. ಚಂದ್ರ ಮೇಲೆ ತೇಲಿದಾಗ ಕೊಡಬೇಕು, ಮುಳುಗಿದಾಗ ಕೊಟ್ರೆ ಕುಟ್ಟುತ್ತೆ."

ಚಂದ್ರ ತೇಲುವವರೆಗೆ ಕಾದೆ. ಕೊಟ್ಟೆ. ಬೆಕ್ಕು ನನಗೆ ಮೊಟ್ಟಮೊದಲ ಬಾರಿಗೆ ಹೃದಯ ತೆಗೆದುಕೊಟ್ಟಿತು. ಸಾಂತೊ ಮೈಕಿನಲ್ಲೇ ಬಿಕ್ಕಿದ: "ನನ್ನ ಹೆಂಡ್ತಿ!"

ಎಲ್ಲರೂ ಹೋದ ಮೇಲೆ ಸಾಂತೊ ಹುಂಜದ ಕಾಲೊತ್ತಲು ಹೋದ. ನಾವಿಬ್ಬರೂ ಪಾತ್ರೆಗಳ ಮುಂದೆ ನಿಂತೆವು. ಇಲ್ಲಿ ಉದ್ದ ಗುಂಡಿ ಇರಲಿಲ್ಲ.

"ನನಾಯ್, ನಿಮಗೆ ಆ ಬೆಕ್ಕಿನ ಗುಟ್ಟು ಹೇಗೆ ಗೊತ್ತಾಯ್ತು?"

"ಮಧ್ಯಾಹ್ನ ನೀನು ಮಲಗಿದಾಗ ನನ್ನ ಪಾಳಿ" ಎಂದರು ಅತ್ತೆ, ತಟ್ಟೆಗೆ ನೊರೆ ಹಚ್ಚುತ್ತ. "ಮಹಡಿ ಕಟ್ಟಿದವರು ಯಾರು ಅಂದ್ಕೊಂಡೆ? ನಿನ್ನ ಮಶೀನು ಬರೀ ಉಪ್ಪಿನ ಡಬ್ಬ ಎತ್ತಿ ಇಳಿಸ್ತಿತ್ತು. ನೋಡಕ್ಕಾಗದೆ ನಿಲ್ಲಿಸಿಬಿಟ್ಟೆ."

ಮಶೀನಿಗೆ ಅಡುಗೆ ಕಲಿಸಿದ ಮೊದಲ ಹೆಣ್ಣು ಬಾಯಿ ಮುಚ್ಚಿಕೊಂಡು ತಟ್ಟೆ ಒರೆಸಿದಳು. ಸೋಲನ್ನು ಸ್ವಲ್ಪ ಸಿಹಿ ಮಾಡಿಕೊಳ್ಳೋಣವೆಂದು ಹೇಳಿದೆ: "ಹೋಗಲಿ, ಆಟದ ನೆಪದಲ್ಲಿ ನಿಮ್ಮ ಮಗನಾದರೂ ಒಲೆ ಹಚ್ಚೋದು ಕಲಿತ."

ಅತ್ತೆ ನನ್ನ ಮುಖ ನೋಡಿದರು. ನಗು ಬಂತು ಅವರಿಗೆ. ನಗುತ್ತ ನಗುತ್ತ ಸೊಂಟ ಹಿಡಿದುಕೊಂಡರು. "ಅವನಾ? ಅವನಿಗೆ ಸಕ್ಕರೆ ಡಬ್ಬ ಯಾವುದು, ಸೋಪಿನ ಪುಡಿ ಡಬ್ಬ ಯಾವುದು ಅಂತ ಗೊತ್ತಾ? ಕಾಫಿ ಮಾಡ್ತಿದ್ದವಳು ನಾನು. ಅನ್ನ ಹುರಿದವಳು ನಾನು. ಡ್ರಮ್ಮು ತುಂಬಿಸಿದವಳೂ ನಾನೇ. ಅವನು ಅಡುಗೆಮನೆ ಬಾಗಿಲಿಂದ ನಿನ್ನ ಮೊಣಕೈ ತನಕ ಕಪ್ಪು ಹೊತ್ತ, ಅಷ್ಟೆ."

"ಹಾಗಾದರೆ ಯಾಕೆ ಹೇಳಲಿಲ್ಲ?"

"ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬೆನ್ನೊರಗುವ ಕುರ್ಚಿ ಮೇಲೆ ಹೆಂಗಸು ಕೂತಿದ್ದು ನಾನು ನೋಡಿರಲಿಲ್ಲ. ಒಬ್ಬಳಾದರೂ ಕೂರಲಿ ಅಂತ."

ಸಂಧಿವಾತದಿಂದ ಊದಿದ ಆ ಬೆರಳುಗಳು ನೊರೆಯೊಳಗಿಂದ ಎದ್ದು ಬಂದವು. ಟಿಂಗ್ ಎನ್ನಲಿಲ್ಲ.

ಮಾರನೆಯ ನಸುಕು. ನಲ್ಲಿ ಗೊರಗೊರ ಎಂದಿತು. ನಾನೊಬ್ಬಳೇ ಎದ್ದು ಹಜಾರದ ನಡುವೆ ನಿಂತೆ. ಒಂದು ಕಡೆ ಕುರ್ಚಿ, ಹೆಡ್‌ಫೋನು, ಪರದೆಯ ಹಿಂದೆ ನನಗಾಗಿ ಕಾಯುವ ಮೋಡ. ಇನ್ನೊಂದು ಕಡೆ ಕತ್ತಲೆಯ ಅಡುಗೆಮನೆ. ನಾನು ಕುಳಿತರೆ ಅಲ್ಲಿಗೆ ಅತ್ತೆಯ ಚಪ್ಪಲಿ ಸದ್ದು ಬರುತ್ತದೆ, ಅವರನ್ನು ಕೂರಿಸಿದರೆ ನನ್ನದು. ಗಂಟೆ ಒಂದೇ, ಕೂರುವವರು ಇಬ್ಬರು. ಬಹಳ ಹೊತ್ತು ನಿಂತಿದ್ದೆ. ಕಿಟಕಿಯಾಚೆ ಮಂಜು ನಿಧಾನವಾಗಿ ತೇಲುತ್ತಿತ್ತು, ಯಾವುದೋ ದೋಣಿಯನ್ನು ಹುಡುಕುವಂತೆ.

ಆಮೇಲೆ ನಿರ್ಧಾರ ಮಾಡಿದೆ. ನನ್ನ ಕುರ್ಚಿಯ ಪಕ್ಕಕ್ಕೆ ಬೆನ್ನಿರುವ ಇನ್ನೊಂದು ಕುರ್ಚಿ ಎಳೆದಿಟ್ಟೆ. ಹೆಡ್‌ಫೋನ್ ಎತ್ತಿಕೊಂಡು ಮಲಗುವ ಕೋಣೆಗೆ ಹೋದೆ. ಗೊರಕೆ ಹೊಡೆಯುತ್ತಿದ್ದ ಸಾಂತೊನ ತಲೆಗೆ ಅದನ್ನು ಮೆತ್ತಗೆ ಏರಿಸಿದೆ.

"ಪಾಂಗ್ಗಾ, ಏಳು. ನಿನಗೂ ಕೆಲಸ ಸಿಕ್ಕಿದೆ."

ಅವನು ದಡಬಡಿಸಿ ಕುಳಿತ. "ನಿಜವಾಗ್ಲೂ? ಸಂಬಳ?"

"ಈಗ ತರಬೇತಿ. ಸಂಬಳ ಇಲ್ಲ."

"ಯಾವ ದೇಶ?"

"ನೀನು ಇನ್ನೂ ಕಾಲಿಡದ ದೇಶ. ದೂರ ಏನಿಲ್ಲ. ಹೊರಗೆ ಹೋಗಿ ಎಡಕ್ಕೆ ತಿರುಗು, ಒಲೆ ಕಾಣುತ್ತೆ."